ಎರ್ದಿಗ್

ಎರ್ದಿಗ್ ಈಶಾನ್ಯ ವೇಲ್ಸ್‌ನ ರೆಕ್ಸಮ್ ನಗರದಿಂದ ದಕ್ಷಿಣಕ್ಕೆ ಸುಮಾರು 3 ಕಿ.ಮೀ. ದೂರದಲ್ಲಿರುವ ಐತಿಹಾಸಿಕ ಭವನ. ಇದು ಈಗ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಒಡೆತನದಲ್ಲಿದೆ. ಬ್ರಿಟನ್ನಿನಲ್ಲಿ ಇದಕ್ಕಿಂತ ವೈಭವಯುತವಾದ ಭವನಗಳು ಅನೇಕವಿದ್ದರೂ, ಒಡೆಯರ ಜೊತೆಗೆ ಆಳುಕಾಳುಗಳ ನೆನಪನ್ನೂ ಇಷ್ಟು ವಿವರವಾಗಿ ಉಳಿಸಿಕೊಂಡಿರುವಂಥವು ವಿರಳ.

ಇತಿಹಾಸ

ಜೋಶುವಾ ಎಡಿಸ್ಬರಿ ಎಂಬವನು 1680ರ ದಶಕದಲ್ಲಿ ಈ ಭವನವನ್ನು ಕಟ್ಟಿಸಿ, ಸಾಲದಲ್ಲಿ ಮುಳುಗಿ ದಿವಾಳಿಯಾದನು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಅಧಿಕಾರಿಯಾಗಿದ್ದ ಎಲಿಹು ಯೇಲ್ ಅವನ ಪರಿಚಿತ. ಮನೆಯಲ್ಲಿರುವ ಮೆರುಗೆಣ್ಣೆಯ ಮಡಚುಪರದೆಯೊಂದು ಯೇಲ್ ಕಳುಹಿಸಿದ ಉಡುಗೊರೆಯೆಂದು ಪ್ರತೀತಿ. ಅನಂತರ ಇದನ್ನು ಕೊಂಡ ವಕೀಲ ಜಾನ್ ಮೆಲ್ಲರ್ ಎರಡು ಬದಿಗಳಲ್ಲಿ ಕಟ್ಟಡವನ್ನು ವಿಸ್ತರಿಸಿ, ಬೆಲೆಬಾಳುವ ಪೀಠೋಪಕರಣಗಳಿಂದ ತುಂಬಿಸಿದನು. ಅವಿವಾಹಿತನಾಗಿದ್ದ ಅವನು 1733ರಲ್ಲಿ ತೀರಿಕೊಂಡಾಗ ಆಸ್ತಿಯು ಸೋದರಳಿಯ ಸೈಮನ್ ಯಾರ್ಕ್‌ನಿಗೆ ಬಂದಿತು. ಮುಂದಿನ 240 ವರ್ಷ ಇದರ ಒಡೆಯರೆಲ್ಲರೂ ಸೈಮನ್ ಅಥವಾ ಫಿಲಿಪ್ ಎಂಬ ಹೆಸರಿನವರೇ ಆಗಿದ್ದುದರಿಂದ ಓದುಗರು ಗೊಂದಲಕ್ಕೊಳಗಾಗುವುದು ಸಹಜ. ಯಾರ್ಕ್ ಮನೆತನದವರು ಹಳೆಯ ವಸ್ತುಗಳನ್ನು ಎಸೆಯುವವರಲ್ಲ. ಚೀನಾದ ಕಸೂತಿ ರೇಷ್ಮೆಯ ಮಂಚದಂಥ ಅಮೂಲ್ಯ ವಸ್ತುಗಳೊಡನೆ ಅಡಿಗೆಮನೆಯ, ಬಟ್ಟೆ ಒಗೆಯುವ ಮನೆಯ ಸಾಮಗ್ರಿಗಳೂ ಉಳಿದುಬಂದಿವೆ.

ಸೇವಕರ ಭಾವಚಿತ್ರಗಳು

ಮೊದಲನೆಯ ಫಿಲಿಪ್ ಯಾರ್ಕ್ 1790ರ ದಶಕದಲ್ಲಿ ತನ್ನ ಸೇವಕರ ತೈಲಚಿತ್ರಗಳನ್ನು ಬರೆಯಿಸಿ, ಪ್ರತಿಯೊಬ್ಬರ ಕುರಿತು ತಾನೇ ಪದ್ಯ ರಚಿಸಿ ಸೇರಿಸಿದನು. ಜೇಡರ ಬಲೆ ಗುಡಿಸುತ್ತಿದ್ದ 87 ವರ್ಷದ ವೃದ್ಧೆ ಜೇನ್ ಎಬ್ರೆಲ್ ಚಿತ್ರವೂ ಅವುಗಳಲ್ಲಿದೆ. 1852ರಿಂದ ಈ ಪರಂಪರೆ ಛಾಯಾಚಿತ್ರಗಳಲ್ಲಿ ಮುಂದುವರಿಯಿತು. ಪದ್ಯಗಳಲ್ಲಿ ವಿನೋದವಿದೆ, ಕಾವ್ಯಗುಣ ಹೆಚ್ಚೇನಿಲ್ಲ. ಅವು ಒಡೆಯನ ಮಾತುಗಳೇ ಹೊರತು ಸೇವಕರದ್ದಲ್ಲ ಎಂಬುದನ್ನೂ ಮರೆಯಲಾಗದು. ಇದೇ ಸಂಗ್ರಹದಲ್ಲಿ ಇವುಗಳಿಗಿಂತ ಹಳೆಯದಾದ, ಕೊಂಬು ಹಿಡಿದ ಕಪ್ಪುವರ್ಣದ ತರುಣನ ಚಿತ್ರವಿದೆ. ಅವನ ನಿಜವಾದ ಹೆಸರು ಯಾರಿಗೂ ತಿಳಿಯದು.

ಕುಸಿತ ಮತ್ತು ಪುನರುದ್ಧಾರ

20ನೆಯ ಶತಮಾನದಲ್ಲಿ ಭವನದ ಕೆಳಗೆ ನಡೆದ ಬರ್ಷಮ್ ಗಣಿಯ ಕಲ್ಲಿದ್ದಲು ಅಗೆತದಿಂದ ನೆಲ ಕುಸಿಯಿತು. ಕಟ್ಟಡದ ಒಂದು ಭಾಗ ಸುಮಾರು 5 ಅಡಿ ಇಳಿದು, ಗೋಡೆಗಳು ಬಿರಿದು, ಮಾಡು ಸೋರತೊಡಗಿತು. ಕೊನೆಯ ಒಡೆಯ ಮೂರನೆಯ ಫಿಲಿಪ್ ಯಾರ್ಕ್ 1973ರಲ್ಲಿ ಇದನ್ನು ಟ್ರಸ್ಟಿಗೆ ದಾನವಾಗಿ ಕೊಟ್ಟನು. ಗಣಿ ಮಂಡಳಿಯ ಪರಿಹಾರಧನ ಮತ್ತು ಜಮೀನು ಮಾರಾಟದ ಹಣದಿಂದ ದುರಸ್ತಿ ನಡೆದು, 1977ರಲ್ಲಿ ಭವನವು ಸಾರ್ವಜನಿಕರಿಗೆ ತೆರೆಯಿತು. ಸಂದರ್ಶಕರು ಮುಂಬಾಗಿಲಿನಿಂದಲ್ಲ, ಕುದುರೆಲಾಯ ಹಾಗೂ ಬಡಗಿಯ ಕಾರ್ಯಾಗಾರಗಳಿರುವ ಹಿತ್ತಲಿನ ಅಂಗಳದಿಂದ ಒಳಬರುವಂತೆ ವ್ಯವಸ್ಥೆ ಮಾಡಲಾಯಿತು.

ಉದ್ಯಾನ

ವಿಲಿಯಂ ಎಮ್ಸ್ 18ನೆಯ ಶತಮಾನದ ಉತ್ತರಾರ್ಧದಲ್ಲಿ ಸುತ್ತಲಿನ ಬಯಲನ್ನು ನಿಸರ್ಗಸಹಜ ಶೈಲಿಗೆ ಮಾರ್ಪಡಿಸಿದರೂ, ಪೌಳಿಯೊಳಗಿನ ಹಳೆಯ ಉದ್ಯಾನ ಉಳಿದುಕೊಂಡಿತು. ನೇರವಾದ ಕಾಲುವೆ, ಸಾಲುಮರಗಳು, ಗೋಡೆಗೆ ಹಬ್ಬಿಸಿದ ಹಣ್ಣಿನ ಗಿಡಗಳು ಇಲ್ಲಿವೆ. ಹಾಳುಬಿದ್ದಿದ್ದ ಇದನ್ನು 1740ರ ಸುಮಾರಿನ ಮುದ್ರಿತ ಚಿತ್ರವೊಂದರ ಆಧಾರದ ಮೇಲೆ ಪುನಃ ರೂಪಿಸಲಾಗಿದೆ. ಐವಿ ಬಳ್ಳಿಯ ರಾಷ್ಟ್ರೀಯ ಸಂಗ್ರಹವೂ ಇಲ್ಲಿದೆ.