ಸಿಂಹದ ಕುಲ ಯಾವುದು?

ನಮ್ಮ ಕಾಮಗೆರೆ ಸೀಮೆಯಲ್ಲಿ ಸಿಂಹ ಎಲ್ಲಿ ಬೇಕಾದರೂ ಸಿಗುತ್ತೆ, ಕಾಡೊಂದನ್ನು ಬಿಟ್ಟು. ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರು ಅಣ್ಣಾವ್ರ ಊರು. ಹೆಸರಲ್ಲೇ ಸಿಂಗ ಇದೆ. ಊರೂರಲ್ಲೂ ನರಸಿಂಹ ಅನ್ನೋರು ಇದ್ದಾರೆ. ಮೈಸೂರಿನಲ್ಲಿ ಸಿಂಹಾಸನ ಇದೆ. ಬೇಲೂರಿನಲ್ಲಿ ಸಳ ಹೊಡೆಯುತ್ತಿರುವ ಮೃಗವನ್ನು ಕಥೆ ಹುಲಿ ಅನ್ನುತ್ತೆ, ಕಲ್ಲನ್ನು ನೋಡಿದರೆ ಸಿಂಹದ ಹಾಗೆ ಕಾಣುತ್ತೆ. ಆದರೆ ನಮ್ಮ ಮಾದಪ್ಪ ಏರಿದ್ದು ಮಾತ್ರ ಹುಲಿಯನ್ನೇ.

ಮಾದಪ್ಪನ ಲೆಕ್ಕವೇ ಸರಿ ನೋಡಿ. ಚರಿತ್ರೆಯ ದಾಖಲೆಗಳಲ್ಲಿ ಭಾರತದ ಸಿಂಹ ಗುಜರಾತಿನಿಂದ ಬಿಹಾರದ ಕಡೆವರೆಗೆ ಓಡಾಡಿಕೊಂಡಿತ್ತು. ನರ್ಮದೆ ದಾಟಿ ದಕ್ಷಿಣಕ್ಕೆ ಬಂದು ನೆಲೆಸಲಿಲ್ಲ. ಭಾಷೆಯೂ ಅದನ್ನೇ ಹೇಳುತ್ತೆ. ಹುಲಿ ಹಳಗನ್ನಡದಲ್ಲಿ ಪುಲಿ, ತಮಿಳಿನಲ್ಲೂ ಪುಲಿ, ನಮ್ಮ ಮಣ್ಣಿನ ಮಾತು. ಸಿಂಹ ಸಂಸ್ಕೃತದಿಂದ ಬಂದದ್ದು, ಸಿಂಗ ಅದರ ತದ್ಭವ. ಪ್ರಾಣಿ ಬರಲಿಲ್ಲ, ಪದ ಬಂತು.

ಹಾಗಾದರೆ ಆ ಪ್ರಾಣಿ ಯಾವ ಕುಲದ್ದು? ಸಿಂಹಕ್ಕೆ ಶಾಸ್ತ್ರೀಯ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್, 1758ರಲ್ಲಿ. 1826ರಲ್ಲಿ ಮೇಯರ್ ಎಂಬಾತ ಪರ್ಷಿಯಾದ ಸಿಂಹವನ್ನು ಬೇರೆಯದೆಂದು ಗುರುತಿಸಿ 'ಪರ್ಸಿಕಾ' ಎಂಬ ಹೆಸರು ಬರಲು ಕಾರಣನಾದ. ಆಮೇಲೆ ಶುರುವಾಯ್ತು ಪಂಗಡ ಮಾಡೋ ಕೆಲಸ. ಕೇಸರ ಕಪ್ಪಗಿದ್ದರೆ ಒಂದು ಉಪಪ್ರಭೇದ, ತಲೆಬುರುಡೆ ಸ್ವಲ್ಪ ಬೇರೆಯಾದರೆ ಇನ್ನೊಂದು. ಗಿರ್ ಸಿಂಹಕ್ಕೆ ಕೇಸರ ಕಡಿಮೆ, ಕಿವಿ ಕಾಣುತ್ತೆ, ಹೊಟ್ಟೆಯ ಕೆಳಗೆ ಚರ್ಮದ ಮಡಿಕೆ ಇರುತ್ತೆ. ಆದ್ದರಿಂದ ಅದು 'ಏಷ್ಯಾದ ಸಿಂಹ', ಉಳಿದವು 'ಆಫ್ರಿಕಾದವು' ಅಂತ ಶಾಲೆಯಲ್ಲಿ ನಾವೆಲ್ಲ ಕಲಿತೆವು.

ವಂಶವಾಹಿಗಳನ್ನು ಓದೋಕೆ ಶುರುಮಾಡಿದ ಮೇಲೆ ಗೆರೆ ಜಾಗ ಬದಲಾಯಿಸಿತು. 2017ರಲ್ಲಿ ಐಯುಸಿಎನ್‌ನ ಬೆಕ್ಕಿನ ಕುಟುಂಬದ ತಜ್ಞರು ಇಡೀ ಸಿಂಹಕುಲವನ್ನು ಎರಡೇ ಉಪಪ್ರಭೇದ ಮಾಡಿದರು. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ್ದು ಒಂದು. ಉತ್ತರ, ಪಶ್ಚಿಮ, ಮಧ್ಯ ಆಫ್ರಿಕಾದ್ದೂ ಗಿರ್‌ನದೂ ಸೇರಿ ಇನ್ನೊಂದು. ಅಂದ್ರೆ ಗಿರ್ ಸಿಂಹಕ್ಕೆ ಸೆನೆಗಲ್ ಸಿಂಹ ದಾಯಾದಿ; ಸೆನೆಗಲ್ಲಿನದಕ್ಕೆ ಅದೇ ಖಂಡದ ಕೀನ್ಯಾದ ಸಿಂಹಕ್ಕಿಂತ ಗಿರ್‌ನದೇ ಹತ್ತಿರ! ಗೆರೆ ಇರೋದು ಎರಡು ಖಂಡಗಳ ನಡುವೆ ಅಲ್ಲ, ಆಫ್ರಿಕಾದ ಒಳಗೇ.

ಇದೆಲ್ಲ ಪಂಡಿತರ ಜಗಳ, ನಮಗೇನು ಅನ್ನಬೇಡಿ. ಸರ್ಕಸ್ಸಿನವರು ಎರಡೂ ಕಡೆಯ ಸಿಂಹಗಳನ್ನು ಬೆರೆಸಿ ಮರಿ ಮಾಡಿಸಿದ್ದರು. 1998ರಲ್ಲಿ ಸರ್ಕಸ್ಸಿನಲ್ಲಿ ಸಿಂಹ ಆಡಿಸೋದನ್ನು ಸರ್ಕಾರ ನಿಷೇಧಿಸಿದಾಗ ಅಂಥ ಮಿಶ್ರ ತಳಿಯವು ಬನ್ನೇರುಘಟ್ಟದಂಥ ಪುನರ್ವಸತಿ ಕೇಂದ್ರಗಳಿಗೆ ಬಂದವು. ಅವಕ್ಕೆ ಊಟ ಸಿಕ್ಕಿತು, ಸಂತಾನ ಸಿಗಲಿಲ್ಲ. ತಳಿ ಶುದ್ಧವಿಲ್ಲ ಅಂತ ಮರಿ ಹಾಕಲು ಬಿಡಲಿಲ್ಲ.

ಇನ್ನು ಶುದ್ಧ ಅನಿಸಿಕೊಂಡವುಗಳ ಕಥೆ. 2025ರ ಎಣಿಕೆಯಲ್ಲಿ 891, ಎಲ್ಲವೂ ಗುಜರಾತಿನಲ್ಲೇ. 2013ರಲ್ಲಿ ಸುಪ್ರೀಂ ಕೋರ್ಟ್ ಕೆಲವನ್ನು ಮಧ್ಯಪ್ರದೇಶದ ಕೂನೋಗೆ ಕಳಿಸಿ ಅಂತ ಹೇಳಿತು. ಅಲ್ಲಿಗೆ 2022ರಲ್ಲಿ ನಮೀಬಿಯಾದ ಚೀತಾ ಬಂತು, ಗಿರ್ ಸಿಂಹ ಬರಲಿಲ್ಲ. ನಡುವೆ 2018ರಲ್ಲಿ ನಾಯಿಗಳಿಗೆ ಬರೋ ಡಿಸ್ಟೆಂಪರ್ ರೋಗ ಗಿರ್‌ಗೆ ಹೊಕ್ಕಿ, ಕೆಲವೇ ವಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು.

ಒಂದೇ ಏಟಿಗೆ ಸಂಸಾರವೇ ಹೋಗೋದು ಹೇಗಿರುತ್ತೆ ಅಂತ ನಮ್ಮ ಸೀಮೆಗೆ ಗೊತ್ತು. 2025ರ ಜೂನ್‌ನಲ್ಲಿ ಮಾದಪ್ಪನ ಬೆಟ್ಟದ ಕಾಡಿನ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಆದರೂ ಹುಲಿಯ ಕುಲಕ್ಕೆ ಬಿಳಿಗಿರಿರಂಗನ ಬೆಟ್ಟ ಇದೆ, ಬಂಡೀಪುರ ಇದೆ, ನಾಗರಹೊಳೆ ಇದೆ. ಸಿಂಹಕ್ಕೆ ಇಡೀ ಏಷ್ಯಾದಲ್ಲಿ ಇರೋದು ಒಂದೇ ರಾಜ್ಯ. ಕುಲದ ಹೆಸರನ್ನು ಪಂಡಿತರು ಇನ್ನೂ ಹತ್ತು ಸಲ ಬದಲಾಯಿಸಲಿ. ಅದಕ್ಕೆ ಈಗ ಬೇಕಾಗಿರೋದು ಎರಡನೇ ಮನೆ.