ತೇಗದ ಸುಹೈಲಿ, ಉಕ್ಕಿನ ಜೋಶುವಾ

1964ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ತೆಂಗಿನಕಾಯಿ ಒಡೆಸಿಕೊಂಡು ನೀರಿಗಿಳಿದ ಹಾಯಿದೋಣಿಯೊಂದು ಐದು ವರ್ಷ ತುಂಬುವ ಮೊದಲೇ ನೌಕಾಯಾನದ ಚರಿತ್ರೆಯನ್ನು ಸೇರಿತು. ಒಬ್ಬನೇ ನಾವಿಕನನ್ನು ಹೊತ್ತು, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿ ಬಂದ ಮೊದಲ ದೋಣಿ ಅದು. ಹೆಸರು ‘ಸುಹೈಲಿ’. ಪರ್ಷಿಯನ್ ಕೊಲ್ಲಿಯ ಅರಬ್ ನಾವಿಕರು ಆಗ್ನೇಯದ ಗಾಳಿಯನ್ನು ಕರೆಯುವ ಹೆಸರದು.

1968ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಏರ್ಪಡಿಸಿದ ಆ ಸ್ಪರ್ಧೆಗೆ ಎರಡು ಬಹುಮಾನಗಳಿದ್ದವು. ಮೊದಲು ಮರಳಿದವನಿಗೆ ಚಿನ್ನದ ಗೋಳ, ಅತಿ ಕಡಿಮೆ ದಿನಗಳಲ್ಲಿ ಮುಗಿಸಿದವನಿಗೆ 5,000 ಪೌಂಡ್. ಹೊರಟವರು ಒಂಬತ್ತು ಮಂದಿ, ಮುಗಿಸಿದವನು ಒಬ್ಬನೇ: ಸುಹೈಲಿಯ ರಾಬಿನ್ ನಾಕ್ಸ್-ಜಾನ್‌ಸ್ಟನ್. ಆದರೆ ನಾವಿಕರ ನಡುವೆ ಇಂದಿಗೂ ಚರ್ಚೆಯಾಗುವುದು ಗೆದ್ದ ದೋಣಿಯಷ್ಟೇ ಅಲ್ಲ, ಗೆಲ್ಲದೆ ಹೋದ ‘ಜೋಶುವಾ’ ಕೂಡ.

ನೋಟಕ್ಕೆ ಎರಡೂ ದಾಯಾದಿಗಳು. ಎರಡಕ್ಕೂ ಎರಡೆರಡು ಕೂವೆಮರ, ಮುಂದಿನಂತೆಯೇ ಚೂಪಾದ ಹಿಂಬದಿ, ತಳದುದ್ದಕ್ಕೂ ಹಾದ ಕೀಲ್. ಸುಹೈಲಿಯ ಆಕಾರದ ಮೂಲ ನಾರ್ವೆಯದು. 19ನೆಯ ಶತಮಾನದ ಕೊನೆಯಲ್ಲಿ ಕಾಲಿನ್ ಆರ್ಚರ್ ರೂಪಿಸಿದ ರಕ್ಷಣಾ ದೋಣಿಗಳನ್ನು ಅನುಸರಿಸಿ ಅಮೆರಿಕದ ವಿಲಿಯಂ ಆಟ್ಕಿನ್ 1920ರ ದಶಕದಲ್ಲಿ ಬರೆದ ನಕ್ಷೆ ಅದು. ವಾಣಿಜ್ಯ ಹಡಗಿನ ಅಧಿಕಾರಿಯಾಗಿದ್ದ ನಾಕ್ಸ್-ಜಾನ್‌ಸ್ಟನ್ ಬಯಸಿದ್ದು ಬೇರೆಯೇ ನಕ್ಷೆಯನ್ನು. ಅಂಚೆಯಲ್ಲಿ ಬಂದದ್ದು ಇದು! ಬದಲಾಯಿಸಲು ವ್ಯವಧಾನವಿಲ್ಲದೆ ಇದನ್ನೇ ಕಟ್ಟಿಸಿದರು.

ಕಟ್ಟಿದವರು ಮುಂಬಯಿಯ ಬಡಗಿಗಳು. 32 ಅಡಿ ಉದ್ದದ ತೇಗದ ಒಡಲು ರೂಪುಗೊಂಡದ್ದು ಬಾಚಿ, ಉಳಿ, ಹಗ್ಗದ ಬೈರಿಗೆಗಳಿಂದ. ಸುಹೈಲಿಯ ಕಥೆ ಹೇಳುವವರು ನಾವಿಕನನ್ನು ಹೊಗಳುತ್ತಾರೆ, ನಕ್ಷೆ ಬರೆದವನನ್ನೂ ನೆನೆಯುತ್ತಾರೆ. ಈ ಬಡಗಿಗಳ ಕಡೆಗೆ ತಿರುಗುವವರು ಕಡಿಮೆ.

ಜೋಶುವಾದ ಹುಟ್ಟು ಇದಕ್ಕೆ ತೀರ ವಿರುದ್ಧ. ಸಮುದ್ರದಿಂದ ಬಹುದೂರ, ಫ್ರಾನ್ಸಿನ ಒಳನಾಡಿನ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಉಕ್ಕಿನ ತಗಡುಗಳನ್ನು ಬೆಸೆದು ಇದನ್ನು 1960ರ ದಶಕದ ಆರಂಭದಲ್ಲಿ ತಯಾರಿಸಿದರು. ಉದ್ದ ಸುಮಾರು 39 ಅಡಿ, ಮೈಗೆ ಕೆಂಪು ಬಣ್ಣ, ಮೊದಲಿಗೆ ಕೂವೆಮರಗಳಾಗಿ ನಿಂತದ್ದು ಟೆಲಿಗ್ರಾಫ್ ಕಂಬಗಳು. ಒಡೆಯ ಬರ್ನಾರ್ಡ್ ಮ್ವಾಟೆಸಿಯೆ ವಿಯೆಟ್ನಾಮಿನ ನೆಲದಲ್ಲಿ ಬೆಳೆದ ಫ್ರೆಂಚ್ ನಾವಿಕ. ಸ್ಪರ್ಧೆಗೆ ಹೊರಡುವ ಮುನ್ನ ಎಂಜಿನ್ ಸಮೇತ ಬೇಡವೆನಿಸಿದ್ದನ್ನೆಲ್ಲ ಇಳಿಸಿ ದೋಣಿಯನ್ನು ಹಗುರ ಮಾಡಿಕೊಂಡ.

ವೇಗದಲ್ಲಿ ಯಾವುದು ಮೇಲು? ಇದಕ್ಕೆ ತಾರೀಖುಗಳೇ ಉತ್ತರ. ಸುಹೈಲಿ ಜೂನ್ 14ರಂದು ಹೊರಟು 1969ರ ಜನವರಿ 17ರಂದು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿತು: 217 ದಿನ. ಜೋಶುವಾ ಹೊರಟದ್ದು ಆಗಸ್ಟ್ 22ರಂದು, ಅದೇ ಭೂಶಿರ ದಾಟಿದ್ದು ಫೆಬ್ರುವರಿ 5ರಂದು: 167 ದಿನ. ಐವತ್ತು ದಿನಗಳ ವ್ಯತ್ಯಾಸ! ಇದಕ್ಕೆ ಮುಖ್ಯ ಕಾರಣ ಉದ್ದ. ಇಂಥ ಭಾರದ ದೋಣಿ ತಾನೇ ಎಬ್ಬಿಸುವ ಅಲೆಯ ಸೆರೆಯಾಳು. ನೀರಿನಲ್ಲಿ ಅದರ ಉದ್ದ ಹೆಚ್ಚಿದಷ್ಟೂ ಆ ಅಲೆ ನೀಳವಾಗುತ್ತದೆ, ವೇಗದ ಮಿತಿಯೂ ಏರುತ್ತದೆ.

ಹಾರ್ನ್‌ನಿಂದ ಇಂಗ್ಲೆಂಡಿಗೆ ಸುಹೈಲಿಗೆ ಹಿಡಿದದ್ದು 95 ದಿನ. ಅದೇ ಪ್ರಮಾಣದಲ್ಲಿ ಜೋಶುವಾಕ್ಕೆ 73 ದಿನ ಸಾಕಿತ್ತು. ಅಂದರೆ ಏಪ್ರಿಲ್ 19ರ ಸುಮಾರಿಗೆ, ಸುಹೈಲಿಗಿಂತ ಮೂರು ದಿನ ಮೊದಲೇ ಮುಟ್ಟುತ್ತಿತ್ತು. ಸಮುದ್ರದಲ್ಲಿ ತ್ರೈರಾಶಿ ನಡೆಯುವುದಿಲ್ಲ, ನಿಜ. ಆದರೂ ಸ್ಪರ್ಧೆ ಎಷ್ಟು ಸಮಬಲದ್ದಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಗಟ್ಟಿತನದ ಮಾತು ಇಷ್ಟು ಸರಳವಲ್ಲ. ಮರದ ದೋಣಿಯೆಂದರೆ ಹಲಗೆಗಳ ನಡುವಿನ ಸಂದುಗಳ ಲೆಕ್ಕ. ಅಟ್ಲಾಂಟಿಕ್‌ನಲ್ಲೇ ಸುಹೈಲಿ ಸೋರತೊಡಗಿತು. ನಾಕ್ಸ್-ಜಾನ್‌ಸ್ಟನ್ ನೀರಿಗೆ ಧುಮುಕಿ, ಸಂದಿಗೆ ಹತ್ತಿ ತುರುಕಿ, ಮೇಲೆ ತಾಮ್ರದ ಪಟ್ಟಿ ಬಡಿದರು. ಸುತ್ತ ಸುಳಿದ ಶಾರ್ಕನ್ನು ಮೊದಲು ಗುಂಡಿಕ್ಕಿ ಕೊಲ್ಲಬೇಕಾಯಿತು. ಮುಂದೆ ದಿಕ್ಕು ಹಿಡಿಯುವ ಸಾಧನ ಮುರಿದಾಗ ಹಾಯಿಗಳನ್ನು ಸರಿದೂಗಿಸಿಯೇ ದೋಣಿಯನ್ನು ದಾರಿಯಲ್ಲಿಟ್ಟರು. ಉದ್ದನೆಯ ಕೀಲ್ ಮತ್ತು ಎರಡು ಕೂವೆಮರಗಳ ಹಳೆಯ ವಿನ್ಯಾಸ ಇಲ್ಲಿ ಫಲ ಕೊಟ್ಟಿತು.

ಬೆಸುಗೆಯ ಜೋಶುವಾಕ್ಕೆ ಸಂದುಗಳ ಕಾಟವಿಲ್ಲ. ಗುಡ್ ಹೋಪ್ ಭೂಶಿರದ ಬಳಿ ಸರಕು ಹಡಗೊಂದಕ್ಕೆ ತಾಗಿದಾಗ ಅದರ ಮೂತಿಯ ಕಂಬ ಬಾಗಿತೇ ಹೊರತು ಮುರಿಯಲಿಲ್ಲ. ಮ್ವಾಟೆಸಿಯೆ ಹಗ್ಗ, ರಾಟೆಗಳಿಂದ ಸಮುದ್ರದಲ್ಲೇ ಅದನ್ನು ನೆಟ್ಟಗೆ ಮಾಡಿದ. ದುರಸ್ತಿಗೆ ಎರಡೂ ಒಗ್ಗಿದವು.

ಹೀಗಿದ್ದರೂ ಜೋಶುವಾ ಗೆಲ್ಲಲಿಲ್ಲ. 1969ರ ಮಾರ್ಚ್‌ನಲ್ಲಿ ಮ್ವಾಟೆಸಿಯೆ ಕೇಪ್‌ಟೌನ್ ಬಳಿ ತೈಲ ಹಡಗೊಂದರ ಮೇಲೆ ಕವಣೆಯಿಂದ ಚೀಟಿ ಎಸೆದು, ತಾನು ಇಂಗ್ಲೆಂಡಿಗೆ ಮರಳುವುದಿಲ್ಲವೆಂದು ತಿಳಿಸಿದ. ಕಡಲಿನ ಸುಖ ಬಿಟ್ಟು ಬಹುಮಾನದ ಗದ್ದಲಕ್ಕೆ ಹೋಗುವ ಮನಸ್ಸಿರಲಿಲ್ಲ. ಇನ್ನೂ ಅರ್ಧ ಭೂಮಿ ಸುತ್ತಿ ಜೂನ್ 21ರಂದು ಟಹೀಟಿ ತಲುಪಿದ. ದೋಣಿಯ ಗುಣವನ್ನು ಪಂದ್ಯದ ಫಲಿತಾಂಶದಿಂದ ಅಳೆಯುವವರಿಗೆ ಈ ಘಟನೆ ಎಂದೂ ತೊಡಕೇ.

ಏಪ್ರಿಲ್ 22ರಂದು, 312 ದಿನಗಳ ನಂತರ, ಸುಹೈಲಿ ಫಾಲ್ಮತ್ ಬಂದರು ಸೇರಿತು. ಎರಡೂ ಬಹುಮಾನ ಪಡೆದ ನಾಕ್ಸ್-ಜಾನ್‌ಸ್ಟನ್ 5,000 ಪೌಂಡನ್ನು ಸ್ಪರ್ಧೆಯಲ್ಲಿ ಕಡಲುಪಾಲಾದ ಡೊನಾಲ್ಡ್ ಕ್ರೌಹರ್ಸ್ಟ್‌ನ ಕುಟುಂಬಕ್ಕೆ ಕೊಟ್ಟರು.

ಸುಹೈಲಿಯ ಪ್ರತಿರೂಪವೊಂದು ಗೋವಾದಲ್ಲಿ ತಯಾರಾಯಿತು. ಆ ‘ತುರಿಯಾ’ದಲ್ಲಿ 2018ರ ಸ್ಪರ್ಧೆಗೆ ಹೋದ ನೌಕಾಪಡೆಯ ಅಭಿಲಾಷ್ ಟೋಮಿ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ, ಕೂವೆಮರ ಮುರಿದು, ಬೆನ್ನಿಗೆ ಪೆಟ್ಟು ತಿಂದರು. ಮೂರು ದಿನಗಳ ನಂತರ ಫ್ರೆಂಚ್ ಹಡಗು ಅವರನ್ನು ಪಾರುಮಾಡಿತು. ಮುಂದಿನ ಸ್ಪರ್ಧೆಯಲ್ಲಿ ಬೇರೊಂದು ದೋಣಿಯಲ್ಲಿ ಹೋಗಿ 2023ರಲ್ಲಿ ಎರಡನೆಯ ಸ್ಥಾನ ಗಳಿಸಿದರು.

ಮೂಲ ದೋಣಿಗಳೆರಡೂ ಉಳಿದಿವೆ. 1982ರಲ್ಲಿ ಮೆಕ್ಸಿಕೊ ತೀರದಲ್ಲಿ ಬಿರುಗಾಳಿಗೆ ದಡಕ್ಕೆಸೆಯಲ್ಪಟ್ಟ ಜೋಶುವಾವನ್ನು ಮುಂದೆ ಫ್ರಾನ್ಸಿನ ಲಾ ರೋಷೆಲ್ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಸುಹೈಲಿಯನ್ನೂ ಕೆಲಕಾಲ ಗ್ರೀನ್‌ವಿಚ್‌ನ ಸಂಗ್ರಹಾಲಯದಲ್ಲಿ ಇಟ್ಟಿದ್ದರು. ಒಣಹವೆಗೆ ತೇಗದ ಹಲಗೆಗಳು ಕುಗ್ಗತೊಡಗಿದವು. ಅದನ್ನು ಕಂಡ ನಾಕ್ಸ್-ಜಾನ್‌ಸ್ಟನ್ ದೋಣಿಯನ್ನು ಅಲ್ಲಿಂದ ಬಿಡಿಸಿ ಮತ್ತೆ ನೀರಿಗೆ ತಂದರು.