ಹೆಸರು, ಮಾದರಿ, ಸಾಕ್ಷ್ಯ: ಪಶ್ಚಿಮ ಘಟ್ಟದ ಸಣ್ಣ ನೊಣಗಳ ನಾಮಕರಣ ಚರಿತ್ರೆ

ಪ್ರಾಣಿಶಾಸ್ತ್ರದಲ್ಲಿ ‘ಹೊಸ ಪ್ರಭೇದ’ ಎಂಬ ಮಾತಿಗೆ ನಿರ್ದಿಷ್ಟವಾದ ಅರ್ಥವಿದೆ. ಆ ಜೀವಿ ಕಾಡಿನಲ್ಲಿ ಹೊಸದಾಗಿ ಹುಟ್ಟಿತೆಂದಾಗಲಿ, ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲವೆಂದಾಗಲಿ ಅದರ ಅರ್ಥವಲ್ಲ. ಅಚ್ಚಾದ ಬರಹದಲ್ಲಿ ಅದಕ್ಕೊಂದು ಹೆಸರು, ವಿವರಣೆ ಇರಲಿಲ್ಲವೆಂಬುದಷ್ಟೇ ಅದರ ತಾತ್ಪರ್ಯ. ಆ ದೃಷ್ಟಿಯಿಂದ ನೋಡಿದರೆ ಪ್ರಭೇದವೊಂದರ ವಿವರಣೆಯು ಬರಹದ ಚರಿತ್ರೆಯಲ್ಲಿ ನಡೆಯುವ ಘಟನೆ. ಮಾತಿನಲ್ಲಿ ಬದುಕಿರುವುದು ಬರಹಕ್ಕೆ ಇಳಿಯುವ ಬಗೆಯನ್ನು ಅಭ್ಯಾಸ ಮಾಡುವ ಜಾನಪದಕ್ಕೂ ಇಂತಹ ಘಟನೆಗಳಿಂದ ಕಲಿಯಬೇಕಾದುದು ಇದೆ. ಪಶ್ಚಿಮ ಘಟ್ಟ ಹಾಗೂ ಅದರ ಆಸುಪಾಸಿನ ಡ್ರೊಸೊಫಿಲಾ ಕುಲದ ಸಣ್ಣ ನೊಣಗಳಿಗೆ ಮೈಸೂರಿನ ವಿದ್ವಾಂಸರು 1968ರಿಂದ ಸುಮಾರು ಒಂದೂವರೆ ದಶಕದ ಅವಧಿಯಲ್ಲಿ ಹೆಸರಿಟ್ಟ ಬಗೆಯನ್ನೂ, ಆ ಹೆಸರುಗಳಲ್ಲಿ ಕೆಲವಕ್ಕೆ ಮುಂದೆ ಒದಗಿದ ಗತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನರ ನೊಣ, ಶಾಸ್ತ್ರದ ನೊಣ

ಕನ್ನಡದಲ್ಲಿ ನೊಣ, ನುಸಿ, ಗುಂಗುರು ಮೊದಲಾದ ಪದಗಳಿವೆ. ಕೊಳೆತ ಬಾಳೆಹಣ್ಣಿನ ಮೇಲೆ, ಕಾಡಿನಲ್ಲಿ ಉದುರಿಬಿದ್ದ ಹಲಸು ಅತ್ತಿಗಳ ಮೇಲೆ ಮುತ್ತುವ ಎರಡು ಮೂರು ಮಿಲಿಮೀಟರ್ ಉದ್ದದ ನೊಣಗಳಲ್ಲಿ ಹತ್ತಾರು ಜಾತಿಗಳಿದ್ದರೂ ಆಡುಮಾತು ಅವನ್ನು ಬೇರೆ ಬೇರೆಯಾಗಿ ಕರೆಯುವುದಿಲ್ಲ. ಇದನ್ನು ಜನರ ಅಜ್ಞಾನವೆಂದು ಭಾವಿಸುವುದು ಸರಿಯಲ್ಲ. ಕಣ್ಣಿಗೆ ಎದ್ದು ಕಾಣುವ, ಬದುಕಿಗೆ ಉಪಯೋಗ ಅಥವಾ ಅಪಾಯ ತರುವ ಜೀವಿಗಳಿಗೆ ಜನಸಮುದಾಯಗಳು ಸೂಕ್ಷ್ಮವಾದ ಹೆಸರುಗಳನ್ನು ಕೊಡುತ್ತವೆ. ಉಳಿದವನ್ನು ಒಂದೇ ಹೆಸರಿನಡಿ ಒಟ್ಟುಗೂಡಿಸುತ್ತವೆ. ಜನಪದ ವರ್ಗೀಕರಣವನ್ನು ಕುರಿತ ಅಧ್ಯಯನಗಳು ಈ ಅಂಶವನ್ನು ಹಲವು ಸಮಾಜಗಳಲ್ಲಿ ಗುರುತಿಸಿವೆ.

ಶಾಸ್ತ್ರವೂ ಒಂದು ಕಾಲದಲ್ಲಿ ಹೀಗೆಯೇ ನಡೆದುಕೊಂಡಿತ್ತು ಎಂಬುದು ಗಮನಾರ್ಹ. ಡ್ರೊಸೊಫಿಲಾ ಎಂಬ ಕುಲನಾಮವನ್ನು 1823ರಲ್ಲಿ ಫಾಲೆನ್ ಸ್ಥಾಪಿಸಿದನು. ಗ್ರೀಕ್ ಮೂಲದ ಈ ಪದಕ್ಕೆ ‘ಇಬ್ಬನಿಪ್ರಿಯ’ ಎಂದು ಅರ್ಥ. 1830ರಲ್ಲಿ ಮೈಗೆನ್ ಇದೇ ಕುಲದ ಮೆಲನೊಗ್ಯಾಸ್ಟರ್ ಪ್ರಭೇದವನ್ನು ವಿವರಿಸಿದನು. ಅನುವಂಶೀಯತೆಯ ಪ್ರಯೋಗಗಳಿಂದ ಈ ನೊಣ ಜಗತ್ಪ್ರಸಿದ್ಧವಾದ ಬಳಿಕವೂ ಆ ಹೆಸರಿನಡಿ ಎರಡು ಪ್ರಭೇದಗಳು ಬೆರೆತುಹೋಗಿದ್ದವು. 1919ರಲ್ಲಿ ಸ್ಟರ್ಟೆವಂಟ್ ಎರಡನೆಯದನ್ನು ಸಿಮುಲನ್ಸ್ ಎಂಬ ಹೆಸರಿನಿಂದ ಬೇರ್ಪಡಿಸಿದನು. ಅಂದರೆ ಸುಮಾರು 90 ವರ್ಷಗಳ ಕಾಲ ತಜ್ಞರ ಕಣ್ಣೂ ನಮ್ಮ ಹಳ್ಳಿಗರ ಕಣ್ಣಿನಂತೆ ಎರಡನ್ನು ಒಂದಾಗಿಯೇ ಕಂಡಿತ್ತು.

ವಿವರಣೆಯ ವಿಧಾನ

ಇಂತಹ ನೊಣಗಳ ಸಂಗ್ರಹಕ್ಕೆ ದೊಡ್ಡ ಸಲಕರಣೆಗಳು ಬೇಕಿಲ್ಲ. ಹುಳಿಬರಿಸಿದ ಬಾಳೆಹಣ್ಣನ್ನು ಬಾಟಲಿಗಳಲ್ಲಿಟ್ಟು ಮರದ ನೆರಳಿನಲ್ಲಿ ಕಟ್ಟುವುದು, ಕೊಳೆತ ಹಣ್ಣು ಮತ್ತು ತರಗೆಲೆಗಳ ಮೇಲೆ ಬಲೆ ಬೀಸುವುದು ರೂಢಿಯ ವಿಧಾನಗಳು. ಅನಂತರದ ಕೆಲಸ ಸೂಕ್ಷ್ಮದರ್ಶಕದ ಕೆಳಗೆ ನಡೆಯುತ್ತದೆ. ಬಿರುಗೂದಲುಗಳ ಸ್ಥಾನ, ರೆಕ್ಕೆಯ ನಾಳಗಳ ಅಳತೆ, ಹೊಟ್ಟೆಯ ಪಟ್ಟೆಗಳು, ಹಲವು ಪ್ರಭೇದಗಳಲ್ಲಿ ಗಂಡಿನ ಮುಂಗಾಲುಗಳ ಮೇಲಿರುವ ಬಾಚಣಿಗೆಯಂತಹ ಕೂದಲಿನ ಸಾಲು, ಎಲ್ಲಕ್ಕಿಂತ ಮಿಗಿಲಾಗಿ ಗಂಡಿನ ಜನನಾಂಗದ ರಚನೆ ಇವುಗಳನ್ನು ಈಗಾಗಲೇ ಹೆಸರು ಪಡೆದ ಪ್ರಭೇದಗಳೊಡನೆ ಹೋಲಿಸಲಾಗುತ್ತದೆ. ಯಾವುದರೊಡನೆಯೂ ಹೊಂದದಿದ್ದರೆ ಚಿತ್ರಸಹಿತ ವಿವರಣೆಯನ್ನು ಸಿದ್ಧಪಡಿಸಿ, ಲಿನೇಯಸ್‌ನ 1758ರ ಗ್ರಂಥದಿಂದ ಬಂದ ಕ್ರಮದಂತೆ ಎರಡು ಪದಗಳ ಹೆಸರನ್ನಿಟ್ಟು ಪ್ರಕಟಿಸಲಾಗುತ್ತದೆ.

ಈ ವಿಧಾನದಲ್ಲಿ ಅತ್ಯಂತ ಮುಖ್ಯವಾದುದು ಹೋಲೋಟೈಪ್, ಎಂದರೆ ಮೂಲಮಾದರಿ. ವಿವರಣಕಾರನು ತನ್ನ ಸಂಗ್ರಹದಿಂದ ಒಂದು ನೊಣವನ್ನು ಆರಿಸಿ, ಹೆಸರನ್ನು ಅದಕ್ಕೆ ಕಟ್ಟುತ್ತಾನೆ. ಎಲ್ಲಿ, ಎಂದು, ಯಾರು ಹಿಡಿದರು ಎಂಬುದನ್ನು ಹೇಳುವ ಚೀಟಿಯೊಂದು ಅದರ ಜೊತೆಗಿರುತ್ತದೆ. ವಿವರಣೆಯಲ್ಲಿ ತಪ್ಪಿದ್ದರೂ, ಮುಂದಿನವರ ಅಭಿಪ್ರಾಯ ಬದಲಾದರೂ, ಹೆಸರು ಯಾವುದಕ್ಕೆ ಸಲ್ಲಬೇಕೆಂಬ ಪ್ರಶ್ನೆಗೆ ಆ ಒಂದು ದೇಹವೇ ಉತ್ತರ ಹೇಳಬೇಕು.

ಊರುಗಳು ನೊಣಗಳಾದ ಬಗೆ

ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಂ.ಆರ್. ರಾಜಶೇಖರಶೆಟ್ಟಿಯವರ ಮುಂದಾಳುತನದಲ್ಲಿ ಡ್ರೊಸೊಫಿಲಾ ಅಧ್ಯಯನ ಬೆಳೆಯಿತು. ಪ್ರಯೋಗಾಲಯದ ಅನುವಂಶೀಯತೆಯ ಅಧ್ಯಯನದೊಂದಿಗೆ ದಕ್ಷಿಣ ಭಾರತದ ಕಾಡು ಬೆಟ್ಟಗಳ ನೊಣಗಳ ಸಮೀಕ್ಷೆಯೂ ಅಲ್ಲಿ ನಡೆಯಿತು. ಜಿ. ಶ್ರೀರಾಮ ರೆಡ್ಡಿ, ಎನ್.ಬಿ. ಕೃಷ್ಣಮೂರ್ತಿ, ಎಚ್.ಎಸ್. ಪ್ರಕಾಶ್ ಮೊದಲಾದವರು ಹಲವು ಪ್ರಭೇದಗಳನ್ನು ವಿವರಿಸಿದರು. 1970ರಲ್ಲಿ ಮೈಸೂರೆನ್ಸಿಸ್, 1978ರಲ್ಲಿ ಆಗುಂಬೆನ್ಸಿಸ್, 1980ರಲ್ಲಿ ನಾಗರಹೊಳೆನ್ಸಿಸ್ ಎಂಬ ಹೆಸರುಗಳು ಪ್ರಕಟವಾದವು. ಸಹ್ಯಾದ್ರಿ, ಮಡಿಕೇರಿ, ಕಾವೇರಿ ಇವು ಕೂಡ ನೊಣಗಳ ಹೆಸರುಗಳಾದವು.

ಕನ್ನಡ ನಾಡಿನ ಊರು, ಕಾಡು, ನದಿಗಳ ಹೆಸರುಗಳು ಲ್ಯಾಟಿನ್ ಪ್ರತ್ಯಯವನ್ನು ಧರಿಸಿ ವಿಶ್ವದ ಪ್ರಾಣಿಸೂಚಿಯನ್ನು ಸೇರಿದ ಈ ಸಂಗತಿಯನ್ನು ಸ್ಥಳನಾಮ ಅಧ್ಯಯನಕಾರರು ಗಮನಿಸಬೇಕು. ಸ್ಥಳನಾಮಗಳಲ್ಲಿ ಗಿಡ, ಮರ, ಪ್ರಾಣಿಗಳ ಹೆಸರು ಸೇರಿರುವುದಕ್ಕೆ ನಮ್ಮಲ್ಲಿ ಹೇರಳವಾದ ನಿದರ್ಶನಗಳಿವೆ. ಇಲ್ಲಿ ನಡೆದಿರುವುದು ಅದರ ವಿಲೋಮ ಕ್ರಿಯೆ: ಪ್ರಾಣಿಯ ಹೆಸರಿನೊಳಗೆ ಸ್ಥಳ ಸೇರಿಕೊಂಡಿದೆ.

ಒಂದು ಹೆಸರಿನ ಗತಿ

ಈ ಮಾಲಿಕೆಯ ಆರಂಭದಲ್ಲಿ, 1968ರಲ್ಲಿ, ರೆಡ್ಡಿ ಮತ್ತು ಕೃಷ್ಣಮೂರ್ತಿಯವರು ವಿವರಿಸಿದ ಪ್ರಭೇದದ ಹೆಸರು ಡ್ರೊಸೊಫಿಲಾ ರಾಜಶೇಖರಿ. ಮೈಸೂರಿನ ಡ್ರೊಸೊಫಿಲಾ ಅಧ್ಯಯನದ ಹಿನ್ನೆಲೆ ಬಲ್ಲವರಿಗೆ ಈ ಹೆಸರಿನ ಧ್ವನಿ ತಾನಾಗಿಯೇ ತಿಳಿಯುತ್ತದೆ. ಆದರೆ ಜೆ.ಆರ್. ಮ್ಯಾಲಕ್ ಎಂಬ ಕೀಟಶಾಸ್ತ್ರಜ್ಞನು ಕೊಯಮತ್ತೂರಿನಿಂದ ಬಂದ ಎರಡು ನೊಣಗಳನ್ನು ಕುರಿತು 1924ರಲ್ಲಿ ಭಾರತದ ಕೃಷಿ ಇಲಾಖೆಯ ಪ್ರಕಟಣೆಯಲ್ಲಿ ಪುಟ್ಟ ಲೇಖನವೊಂದನ್ನು ಬರೆದಿದ್ದನು. ಅಲ್ಲಿ ಅವನು ಬೈಆರ್ಮಿಪೆಸ್ ಎಂದು ಹೆಸರಿಸಿದ್ದ ನೊಣವೂ ರಾಜಶೇಖರಿಯೂ ಒಂದೇ ಪ್ರಭೇದವೆಂದು ಮುಂದೆ ನಿರ್ಣಯವಾಯಿತು. ಒಂದೇ ಜೀವಿಗೆ ಎರಡು ಹೆಸರಿದ್ದರೆ ಮೊದಲು ಪ್ರಕಟವಾದುದಕ್ಕೆ ಮನ್ನಣೆ ಎಂಬುದು ಪ್ರಾಣಿನಾಮಕರಣದ ನಿಯಮ. ಅದರಂತೆ ರಾಜಶೇಖರಿಯು ಪರ್ಯಾಯನಾಮವಾಗಿ ಹಿಂದೆ ಸರಿಯಿತು. ಮೈಸೂರಿನಿಂದಲೇ ಹೊರಟ ನಿಯೊನಾಸುಟ ಎಂಬ ಇನ್ನೊಂದು ಹೆಸರು ಪ್ರಭೇದದ ಸ್ಥಾನದಿಂದ ಇಳಿದು, ಸಲ್ಫ್ಯುರಿಗ್ಯಾಸ್ಟರ್ ಪ್ರಭೇದದ ಉಪಪ್ರಭೇದವಾಗಿ ಉಳಿಯಿತು.

ಇದನ್ನು ಸೋಲೆಂದು ಭಾವಿಸಬೇಕಾದ ಕಾರಣವಿಲ್ಲ. ರಾಜಶೇಖರಿ ಎಂಬ ಹೆಸರು ಅಳಿಸಿಹೋಗಿಲ್ಲ. ಬೈಆರ್ಮಿಪೆಸ್‌ನ ಕೆಳಗೆ, 1968 ಎಂಬ ವರ್ಷದೊಡನೆ, ಸೂಚಿಗಳಲ್ಲಿ ದಾಖಲಾಗಿದೆ. ಆ ಹೆಸರಿನಲ್ಲಿ ಮೈಸೂರಿನವರು ಕೊಟ್ಟ ವಿವರಣೆಯೂ ಆ ಪ್ರಭೇದದ ಜ್ಞಾನದ ಭಾಗವಾಗಿಯೇ ಉಳಿದಿದೆ. ಗಂಡಿನ ರೆಕ್ಕೆಯ ತುದಿಯಲ್ಲಿ ಕಪ್ಪು ಚುಕ್ಕೆಯುಳ್ಳ ಇದೇ ನೊಣವು, ಜೀನೊಂದರ ನಿಯಂತ್ರಣದಲ್ಲಾಗುವ ಬದಲಾವಣೆಯಿಂದ ಹೊಸ ಲಕ್ಷಣ ಹೇಗೆ ಮೂಡುತ್ತದೆ ಎಂಬುದನ್ನು ತೋರಿಸಿದ 2005ರ ಪ್ರಸಿದ್ಧ ಸಂಶೋಧನೆಗೆ ಆಧಾರವಾಯಿತು.

ಜಾನಪದಕ್ಕೆ ಒಂದು ಪಾಠ

‘ಟೈಪ್’ ಎಂಬ ಪದ ಜಾನಪದದಲ್ಲಿಯೂ ಇದೆ. 1910ರಲ್ಲಿ ಆರ್ನೆ ರೂಪಿಸಿ, 1928 ಮತ್ತು 1961ರಲ್ಲಿ ಥಾಂಪ್ಸನ್ ವಿಸ್ತರಿಸಿದ ಕಥಾವರ್ಗಗಳ ಸೂಚಿಯನ್ನು ನಾವು ಬಳಸುತ್ತ ಬಂದಿದ್ದೇವೆ. ಎರಡೂ ಶಾಸ್ತ್ರಗಳು ಒಂದೇ ಪದವನ್ನು ಬಳಸಿದರೂ ಅರ್ಥ ಬೇರೆ. ನಮ್ಮ ಕಥಾವರ್ಗವು ನೂರಾರು ಪಾಠಗಳಿಂದ ಹಿಂಡಿ ತೆಗೆದ ಒಂದು ಅಮೂರ್ತ ಸಾರ. ಅದನ್ನು ಯಾವ ಅಜ್ಜಿಯೂ ಹಾಗೆಯೇ ಹೇಳಿರುವುದಿಲ್ಲ. ಪ್ರಾಣಿಶಾಸ್ತ್ರದ ಮೂಲಮಾದರಿಯಾದರೋ ಒಂದು ಕಾಡಿನಲ್ಲಿ ಒಂದು ದಿನ ಸಿಕ್ಕ ಒಂದು ನೊಣ.

ಕಥೆಗೆ ಒಂದೇ ‘ಮೂಲಪಾಠ’ವನ್ನು ನಿಗದಿಪಡಿಸಬೇಕೆಂದು ಇದರ ಅರ್ಥವಲ್ಲ, ಮೌಖಿಕ ಪರಂಪರೆಯ ಸ್ವಭಾವಕ್ಕೆ ಅದು ವಿರುದ್ಧ. ನಾವು ಕಲಿಯಬೇಕಾದುದು ಆ ಚೀಟಿಯಿಂದ. ನಮ್ಮ ಜನಪದ ಗೀತೆಗಳ, ಕಥೆಗಳ ಹಳೆಯ ಸಂಕಲನಗಳಲ್ಲಿ ಎಷ್ಟೋ ಕಡೆ ಹಾಡಿದವರ ಹೆಸರಿಲ್ಲ, ಊರಿಲ್ಲ, ದಿನಾಂಕವಿಲ್ಲ. ಸಂಪಾದಕರು ಸಾಲುಗಳನ್ನು ತಿದ್ದಿದ್ದರೆ, ಎರಡು ಪಾಠಗಳನ್ನು ಬೆಸೆದಿದ್ದರೆ, ಅದನ್ನು ಇಂದು ಪರಿಶೀಲಿಸುವ ದಾರಿಯಿಲ್ಲ. ರಾಜಶೇಖರಿಯ ವಿಷಯದಲ್ಲಿ ನಿರ್ಣಯ ಸಾಧ್ಯವಾದುದು 1924ರ ಪುಟ್ಟ ಲೇಖನವೂ 1968ರ ವಿವರಣೆಯೂ ಹೋಲಿಕೆಗೆ ಉಳಿದಿದ್ದುದರಿಂದ. ಸಾಕ್ಷ್ಯ ಉಳಿದಲ್ಲಿ ತಪ್ಪು ತಿದ್ದಲ್ಪಡುತ್ತದೆ. ಸಾಕ್ಷ್ಯವಿಲ್ಲದಲ್ಲಿ ತಪ್ಪು ಮತ್ತು ಸರಿ ಎರಡೂ ಸಮಾನ ಗೌರವದಿಂದ ಮುಂದುವರಿಯುತ್ತವೆ.

ಆಗುಂಬೆ, ನಾಗರಹೊಳೆ, ಮಡಿಕೇರಿಗಳ ಹೆಸರು ಹೊತ್ತ ನೊಣಗಳ ಮಾದರಿಗಳು ಕೇವಲ ಕೀಟಶಾಸ್ತ್ರದ ಸ್ವತ್ತಲ್ಲ. ಆ ದಶಕಗಳಲ್ಲಿ ಆ ಕಾಡುಗಳು ಹೇಗಿದ್ದವು ಎಂಬುದಕ್ಕೆ ಅವು ಚಾರಿತ್ರಿಕ ದಾಖಲೆಗಳು. ಅವುಗಳ ಚೀಟಿಗಳೂ ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳೂ ಧ್ವನಿಮುದ್ರಿಕೆಗಳೂ ಒಂದೇ ಬಗೆಯ ಎಚ್ಚರದಿಂದ ರಕ್ಷಿಸಲ್ಪಡಬೇಕು. ಹೆಸರು ಉಳಿಯುವುದು ಬಿಡುವುದು ಮುಂದಿನವರ ತೀರ್ಮಾನಕ್ಕೆ ಸೇರಿದ್ದು. ತೀರ್ಮಾನಕ್ಕೆ ಬೇಕಾದುದನ್ನು ಉಳಿಸಿಕೊಡುವುದು ಇಂದಿನವರ ಹೊಣೆ.